ಮರೂನ್ ಕಾರಿನ ಎರಡು ಹೊಳಪು

"ನಿನ್ನ ಮಾತಿನ ಮ್ಯಾಲ ನನ್ನ ಮಗನ ಕೇಸು ಮುಚ್ಚಾಕತ್ತಾರ. ಆ ಮಾತು ಖರೇನೋ ಸುಳ್ಳೋ, ನನ್ನ ಮಾರಿ ನೋಡಿ ಹೇಳು."

ವಲಿ ಪಾಷಾನ ಕೈಯಲ್ಲಿದ್ದ ಬಟ್ಟೆ ಕಾರಿನ ಬಾಗಿಲ ಮೇಲೆ ಅಲ್ಲೇ ನಿಂತಿತು.

ದುರುಗಮ್ಮ ಕುರ್ಚಿ ಬೇಡವೆಂದು ನಿಂತೇ ಇದ್ದರು. ಬೆಳಿಗ್ಗೆ ಮೊದಲ ಬಸ್ಸಿಗೇ ದೇವದುರ್ಗದಿಂದ ರಾಯಚೂರಿಗೆ ಬಂದು, ವಿಚಾರಿಸುತ್ತ ವಿಚಾರಿಸುತ್ತ ಮಾನ್ವಿ ರಸ್ತೆಯ ಈ ಕಾರು ಪಾಲಿಶ್ ಅಂಗಡಿ ಹುಡುಕಿಕೊಂಡು ಬಂದಿದ್ದರು. ಕಣ್ಣಲ್ಲಿ ನೀರಿರಲಿಲ್ಲ. ಒಗೆದು ಮಡಿಸಿಟ್ಟಿದ್ದ ಸೀರೆಯನ್ನು ಮಡಿಕೆ ಮುರಿಯದಂತೆ ಉಟ್ಟಿದ್ದರು.

ಅವರ ಹಿಂದೆಯೇ ಪಿಎಸ್‌ಐ ಉಮಾದೇವಿ ಒಳಗೆ ಬಂದಳು. ದುರುಗಮ್ಮ ಇಲ್ಲಿರುವುದನ್ನು ನೋಡಿ ಬಾಗಿಲ ಬಳಿಯೇ ನಿಂತಳು.

ಏಪ್ರಿಲ್ ಮೊದಲ ವಾರದ ಒಂದು ಸಂಜೆ, ದೇವದುರ್ಗದ ರಸ್ತೆಯಲ್ಲಿ ಬೈಕಿನ ಮೇಲೆ ಬರುತ್ತಿದ್ದ ದುರುಗಮ್ಮನವರ ಮಗ, ಮೇಷ್ಟ್ರು ಆನಂದನಿಗೆ ಒಂದು ಕಾರು ಗುದ್ದಿ ನಿಲ್ಲದೆ ಹೋಗಿತ್ತು; ಆಸ್ಪತ್ರೆ ಮುಟ್ಟುವ ಮುಂಚೆ ಅವನ ಉಸಿರು ನಿಂತಿತ್ತು. ಚಹಾ ಅಂಗಡಿಯ ವೆಂಕಮ್ಮ ಕಂಡದ್ದು ಇಷ್ಟೇ: ದೊಡ್ಡ ಗಾಡಿ, ಮರೂನ್ ಬಣ್ಣ. ರಸ್ತೆಯ ಮೇಲೆ ಸಿಕ್ಕ ಗಾಜಿನ ಚೂರುಗಳು ಎಡಗಡೆಯ ಹೆಡ್‌ಲೈಟಿನವು.

ಅಂಥ ಬಣ್ಣದ ಅಂಥ ಗಾಡಿ ಆ ಭಾಗದಲ್ಲಿ ಒಂದೇ ಇತ್ತು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಒಡತಿ ಶಿವಬಸಮ್ಮನವರದು. ಆದರೆ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಶಿವರಾತ್ರಿಗೆ ಮುಂಚೆಯೇ ಇಡೀ ಗಾಡಿಗೆ ತಾನೇ ಸೀಲಂಟ್ ಎಂಬ ಬಣ್ಣ ಕಾಯುವ ಲೇಪ ಹಚ್ಚಿದ್ದಾಗಿ, ಅದು ವರ್ಷ ಬಾಳುವುದಾಗಿ ವಲಿ ಪಾಷಾ ಹೇಳಿಕೆ ಕೊಟ್ಟಿದ್ದ. ಬಾನೆಟ್ ಬದಲಾಗಿದ್ದರೆ ಹೊಳಪಿನಲ್ಲಿ ವ್ಯತ್ಯಾಸ ಕಾಣಬೇಕಿತ್ತಲ್ಲ ಎಂದು ಹಿಂದಿನ ತನಿಖಾಧಿಕಾರಿ ಬರೆದು ಮುಗಿಸಿದ್ದರು. ಆ ಫೈಲು ಈಗ ಉಮಾದೇವಿಯ ಕೈಗೆ ಬಂದಿತ್ತು.

"ಹೇಳು ಪಾಷಾ," ಎಂದರು ದುರುಗಮ್ಮ. "ನಮ್ಮ ಓಣಿಯಾಗ ಮೊದಲ ಮೇಷ್ಟ್ರು ಆದಾಂವ ನನ್ನ ಮಗ. ದಾರಿ ಬದಿಗಿ ಬಿಟ್ಟು ಹೋದ್ರ ಕೇಳೋರಿಲ್ಲ ಅನ್ನಾಕ ಅಂವ ದಿಕ್ಕಿಲ್ಲದಾಂವ ಅಲ್ಲ."

ವಲಿ ಪಾಷಾ ಬಟ್ಟೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡ. ಎತ್ತರದ ಆಳು, ಕಿವಿಯ ಪಕ್ಕ ಕೂದಲು ನರೆತಿತ್ತು. "ಯವ್ವಾ, ನಾ ಹಚ್ಚೀನಿ ಅಂದಿದ್ದು ಖರೇ. ವರ್ಷ ಬಾಳ್ತದ ಅಂದಿದ್ದೂ ಖರೇ. ನನ್ನ ಜಬಾನ್ ಎರಡಿಲ್ಲ."

"ಹೇಳಿಕಿ ಕೊಡೋ ಮುಂದ ಗಾಡಿ ನೋಡಿದ್ದೇನು?" ಉಮಾದೇವಿ ಕೇಳಿದಳು.

"ಇಲ್ರಿ ಮೇಡಂ. ಫೋನ್ ಮಾಡಿ ಕೇಳಿದ್ರು. ಹೇಳಿದೆ."

"ಹಂಗಾದ್ರ ಈಗ ನೋಡು."

ಅವಳು ತನ್ನ ಮೊಬೈಲ್ ಮುಂದೆ ಹಿಡಿದಳು. ನಿನ್ನೆ ಮುಂಗಾರಿನ ಮೊದಲ ಮಳೆ ಬಿದ್ದು ನಿಂತ ಹೊತ್ತಿನಲ್ಲಿ, ಫ್ಯಾಕ್ಟರಿ ಗೇಟಿನ ಮುಂದೆ ಕಾನ್‌ಸ್ಟೆಬಲ್ ಅಂಬಣ್ಣ ತೆಗೆದ ಚಿತ್ರ. ಮರೂನ್ ಕಾರು. ಬಾಗಿಲುಗಳ ಮೇಲೆ, ಛಾವಣಿಯ ಮೇಲೆ ನೀರು ಸಾಬಕ್ಕಿ ಕಾಳಿನಂತೆ ಗುಂಡಗೆ ನಿಂತಿತ್ತು. ಬಾನೆಟ್ಟಿನ ಮೇಲೆ ಮಾತ್ರ ನೀರು ಒದ್ದೆ ಬಟ್ಟೆ ಹಾಸಿದ ಹಾಗೆ ಚಪ್ಪಟೆಯಾಗಿ ಹರಡಿತ್ತು. ಎಡಗಡೆಯ ಮುಂಚಕ್ರದ ಮೇಲಿನ ತಗಡು, ಫೆಂಡರಿನ ಮೇಲೂ ಹಾಗೆಯೇ.

ವಲಿ ಪಾಷಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಮತ್ತೆ ಸಣ್ಣದು ಮಾಡಿ ನೋಡಿದ. ಅವನ ಮುಖ ಬಿಗಿದುಕೊಂಡಿತು.

"ಎರಡರಾಗ ಒಂದು," ಎಂದಳು ಉಮಾದೇವಿ. "ನೀ ಹಚ್ಚಿದ್ದು ಸೋತದ. ಇಲ್ಲಾ, ಆ ಬಾನೆಟ್ಟು ನೀ ಹಚ್ಚಿದ್ದಲ್ಲ. ಶಿವಬಸಮ್ಮನವರ ವಕೀಲರು ಮೊದಲನೇದು ಅಂತಾರ. ನೀ ಏನಂತಿ?"

ಅವನು ಮೊಬೈಲ್ ವಾಪಸ್ ಕೊಟ್ಟ. "ಬರ್ರಿ ಮ್ಯಾಲಕ್ಕ," ಎಂದು ಇಬ್ಬರನ್ನೂ ಕರೆದುಕೊಂಡು ಮಾಳಿಗೆ ಹತ್ತಿದ.

ಬಿಸಿಲು ಆಗಲೇ ಕಾದಿತ್ತು. ಮಾಳಿಗೆಯ ಮೇಲೆ ಹಳೆಯ ಕಾರೊಂದರ ಬಾನೆಟ್ಟು, ಇಟ್ಟಿಗೆಗಳ ಮೇಲೆ ಆಕಾಶ ನೋಡುತ್ತ ಮಲಗಿತ್ತು. ಅದರ ಮೇಲೆ ಟೇಪು ಅಂಟಿಸಿ ಪಟ್ಟೆ ಪಟ್ಟೆಯಾಗಿ ಭಾಗ ಮಾಡಿದ್ದ.

"ಇದು ನನ್ನ ಕಾಲೇಜು ನೋಡ್ರಿ," ಎಂದ ವಲಿ ಪಾಷಾ. "ಹೈದರಾಬಾದಿನಾಗ ಕೆಲಸ ಕಲ್ತು ಬಂದಾಗ ಏಜೆಂಟರು ಒಬ್ಬೊಬ್ಬರೂ ಒಂದೊಂದು ಡಬ್ಬಿ ತಂದು, ಇದ ಚಲೋ ಅದ ಅಂತಿದ್ರು. ಅವರು ಹೇಳಿದ್ದು ಬ್ಯಾರೆ ಊರಿನ ಮಾತು. ನಮ್ಮ ಬಿಸಿಲು ಬ್ಯಾರೆ, ನಮ್ಮ ಬೋರ್ ನೀರಿನ ಉಪ್ಪು ಬ್ಯಾರೆ, ರೈಸ್ ಮಿಲ್ಲಿನ ಬೂದಿ ಬ್ಯಾರೆ. ಅದಕ್ಕ ಎಲ್ಲಾ ತಂದು ಇದರ ಮ್ಯಾಲ ಹಚ್ಚಿ ಬಿಸಿಲಿಗಿ ಬಿಟ್ಟೆ. ಎರಡು ಬ್ಯಾಸಗಿ ಕಾದೀನಿ."

ಅವನು ಕೊಡದಲ್ಲಿದ್ದ ನೀರನ್ನು ಬೊಗಸೆಯಲ್ಲಿ ತೆಗೆದು ಮೇಲಿನಿಂದ ಬಿಟ್ಟ.

ಮೊದಲ ಪಟ್ಟೆಯ ಮೇಲೆ ನೀರು ಹರಡಿ ಅಂಟಿಕೊಂಡಿತು. "ಇದು ಮೇಣ. ವ್ಯಾಕ್ಸ್. ಹಚ್ಚಿದ ದಿನ ಇದರ ಚಂದ ಯಾವುದಕ್ಕೂ ಬರಂಗಿಲ್ಲ. ಮದುವಿ ಗಾಡಿಗಿ ಇದನ್ನ ಹಚ್ಚಬೇಕು. ಆದ್ರ ನಮ್ಮ ಮೇ ತಿಂಗಳು ಮುಗಿಯೋದ್ರಾಗ ಕರಗಿ ಹೋಗಿರ್ತದ."

ಕೊನೆಯ ಪಟ್ಟೆಯ ಮೇಲೆ ನೀರು ಗುಂಡಗಾಗಿ, ಉರುಳಿ, ಅಂಚಿನಿಂದ ಕೆಳಗೆ ಬಿತ್ತು. ಹಿಂದೆ ಒಂದು ಹನಿಯೂ ಉಳಿಯಲಿಲ್ಲ.

"ಇದು ಸೀಲಂಟ್. ವ್ಯಾಕ್ಸಿನಷ್ಟು ಮಿಂಚಂಗಿಲ್ಲ. ಆದ್ರ ಬಣ್ಣಕ್ಕ ಹಿಡಕೊಂಡು ಕುಂತ್ರ ಬಿಡಂಗಿಲ್ಲ. ಶಿವಬಸಮ್ಮಾರ ಗಾಡಿಗಿ ಹಚ್ಚಿದ್ದು ಇದ. ಇದು ನಾಕು ತಿಂಗಳಿಗಿ ಸೋತದ ಅಂದ್ರ ನಾನು ಅಂಗಡಿ ಮುಚ್ಚಬೇಕು."

ದುರುಗಮ್ಮ ಬಾಗಿ ಆ ಕೊನೆಯ ಪಟ್ಟೆಯನ್ನು ಬೆರಳಿಂದ ಮುಟ್ಟಿದರು. ಒಣಗಿತ್ತು.  ಅವರು ವಲಿ ಪಾಷಾನ ಮುಖ ನೋಡುವ ರೀತಿ ಬದಲಾಗಿತ್ತು.

"ಅಂದ್ರ ಆ ಬಾನೆಟ್ಟಿನ ಮ್ಯಾಲ ಇದ್ದದ್ದು ವ್ಯಾಕ್ಸು," ಎಂದಳು ಉಮಾದೇವಿ. "ಯಾಕ ವ್ಯಾಕ್ಸು? ಕದ್ದು ಮುಚ್ಚೋರು ನೀ ಹಚ್ಚಿದ ಮಾಲೇ ತರಬಹುದಿತ್ತಲ್ಲ. ಅಂಗಡಿಯಾಗ ಸಿಗ್ತದ."

"ಸಿಗ್ತದ. ಆದ್ರ ಹಚ್ಚಾಕ ಬರಂಗಿಲ್ರಿ. ಹೊಸಾ ಬಣ್ಣ ಹೊಡದ ಮ್ಯಾಲ ಅದು ಎರಡು ತಿಂಗಳಾದ್ರೂ ಉಸಿರಾಡಬೇಕು. ಒಳಗಿನ ಥಿನ್ನರ್ ಹೊರಗ ಹೋಗಬೇಕು. ಅಷ್ಟರಾಗ ಸೀಲಂಟ್ ಬಡದ್ರ ಬಣ್ಣ ಮಬ್ಬು ಹೊಡಿತದ, ಗುಳ್ಳಿ ಬರ್ತದ. ವ್ಯಾಕ್ಸ್ ಆದ್ರ ನಡಿತದ."

 ತಾನು ಏನು ಹೇಳಿದೆ ಎಂಬುದು ಅವನಿಗೇ ಆಗ ಹೊಳೆದಿತ್ತು.

"ಬಣ್ಣ ಹೊಸದು," ಎಂದಳು ಉಮಾದೇವಿ. "ಮತ್ತ ಅದು ಹೊಸದು ಅಂತ ಗೊತ್ತಿದ್ದವರೇ ವ್ಯಾಕ್ಸ್ ಆರಿಸ್ಯಾರ. ಯಾರು ಹೊಡದಿರಬಹುದು ಆ ಬಣ್ಣ?"

"ಆ ಮರೂನು ಸಾದಾ ಬಣ್ಣ ಅಲ್ರಿ. ಒಳಗ ಮಿಂಚಿನ ಪುಡಿ ಅದ. ನೆರಳಿನಾಗ ಒಂದು ನಮೂನಿ, ಬಿಸಿಲಾಗ ಒಂದು ನಮೂನಿ. ಪಕ್ಕದ ಬಾಗಿಲಿಗಿ ಹೊಂದೋ ಹಂಗ ಕಲಸೋ ಕೈ ಈ ಕಡೆ ಒಂದೇ ಅದ. ಮಾನ್ವಿ ಅಂಬರೀಶ."

ಉಮಾದೇವಿ ಜೀಪಿನ ಕೀಲಿ ಕೈಗೆ ತೆಗೆದುಕೊಂಡಳು. ಮಾನ್ವಿ ಅವಳ ತವರೂರು. "ನಡಿ," ಎಂದಳು.

ಕೆಳಗಿಳಿದು ಹೊರಡುವಾಗ ದುರುಗಮ್ಮ ವಲಿ ಪಾಷಾನನ್ನು ನಿಲ್ಲಿಸಿ, "ನಿನ್ನ ಕೆಲಸದ ಬಗ್ಗೆ ನಿನಗಿರೋ ಅಭಿಮಾನ ಅದಲ್ಲ, ನನ್ನ ಮಗಗೂ ಹಂಗ ಇತ್ತು," ಎಂದರು. ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಆಟೋ ಹತ್ತಿದರು.

*

ಅಂಬರೀಶ ಮುಚ್ಚಿಡಲಿಲ್ಲ. ಮುಚ್ಚಿಡಬೇಕೆಂದು ಅವನಿಗೆ ತಿಳಿದೇ ಇರಲಿಲ್ಲ.

"ಹೌದ್ರಿ ಮೇಡಂ, ಹೊಡದೀನಿ. ಗಾಡಿ ಬಂದಿಲ್ಲ. ಹೊಸ ಬಾನೆಟ್ಟು, ಎಡಗಡಿ ಫೆಂಡರ್, ಎರಡನ್ನೂ ಬಿಡಿಯಾಗಿ ಟೆಂಪೋದಾಗ ಹಾಕ್ಕೊಂಡು ತಂದಿದ್ರು. ಬಣ್ಣ ಹೊಂದಸಾಕ ಡೀಸೆಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ಕಳಿಸಿದ್ರು."

"ಯಾವ ಗಾಡಿದು ಅಂತ ಕೇಳಲಿಲ್ಲೇನು?"

"ಟೆಂಪೋದಾಂವ ಬಾಡಗಿಯಾಂವ. ಅವನಿಗೂ ಗೊತ್ತಿರಲಿಲ್ಲ. ಬಾನೆಟ್ಟಿನ ಒಳಗಡಿ ಪೂರಾ ಹತ್ತಿ ಎಳಿ ಅಂಟಿದ್ವು. ಗಾಳಿ ಹಿಡದು ತೆಗಿಯಾಕ ಒಂದು ತಾಸು ಹೋತು." ಅಂಬರೀಶ ವಲಿ ಪಾಷಾನ ಕಡೆ ತಿರುಗಿ ನಕ್ಕ. "ಆ ಮುಚ್ಚಳ ಒರೆಸಾಕ ನೀರು ಹಾಕಿದ್ರ ನೀರು ನಿಲ್ಲವಲ್ದು. ಇದು ಪಾಷಾಭಾಯಿ ಕೈ ಅಂತ ಅವಾಗ್ಲೇ ಅಂದ್ಕೊಂಡೆ."

ವಲಿ ಪಾಷಾ ನಗಲಿಲ್ಲ. ಆದರೆ ಅವನ ಬೆನ್ನು ನೆಟ್ಟಗಾಯಿತು.

"ಸೀಲಂಟ್ ಹಚ್ಚಬ್ಯಾಡ್ರಿ ಅಂತ ನೀನೇ ಹೇಳಿ ಕಳಿಸಿದ್ದೇನು?" ಎಂದು ಕೇಳಿದ.

"ಹೇಳದೆ ಕಳಿಸ್ತೀನೇನು? ಎರಡು ತಿಂಗಳು ಬರೇ ವ್ಯಾಕ್ಸ್ ಹಚ್ರಿ ಅಂದೆ. ನನ್ನ ಬಣ್ಣದ ಮ್ಯಾಲ ಗುಳ್ಳಿ ಎದ್ರ ಹೆಸರು ಯಾರದು ಕೆಡ್ತದ?"

ಬಣ್ಣ ಹೊಡೆದವನು ತನ್ನ ಹೆಸರು ಕೆಡಬಾರದೆಂದು ಹೇಳಿ ಕಳಿಸಿದ ಆ ಒಂದು ಮಾತೇ, ಕಾರಿನ ಮೇಲೆ ಎರಡು ಬಗೆಯ ಹೊಳಪನ್ನು ಉಳಿಸಿತ್ತು. ಉಮಾದೇವಿ ಅವನ ಹೇಳಿಕೆ ಬರೆಸಿಕೊಂಡಳು. ಜೀಪು ಸಿರವಾರ ದಾಟಿ ದೇವದುರ್ಗದ ಕಡೆ ಓಡಿತು.

"ಮೇಡಂ," ಎಂದ ವಲಿ ಪಾಷಾ ದಾರಿಯಲ್ಲಿ. "ಅಲ್ಲಿ ಪರೀಕ್ಷಾ ನಾನೇ ಮಾಡ್ತೀನಿ. ನನ್ನ ಮಾತನ್ನ ಹಿಡಕೊಂಡೇ ಅವರು ಬಚಾವಾಗ್ಯಾರ. ಬ್ಯಾರೆಯವರ ಕೈಲೆ ಅದು ಬಿಡಿಸಬಾರದು."

*

ಫ್ಯಾಕ್ಟರಿಯ ಅಂಗಳದಲ್ಲಿ ಕಾರು ಬೇವಿನ ಮರದ ನೆರಳಿಗೆ ನಿಂತಿತ್ತು. ಒಳಗೆ ಯಂತ್ರಗಳು ನಿಂತಿದ್ದವು, ಹಂಗಾಮು ಮುಗಿದಿತ್ತು.

ಶಿವಬಸಮ್ಮ ಮೆಟ್ಟಿಲಿಳಿದು ಬಂದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕನ್ನಡಕ. ಗಂಡ ತೀರಿಕೊಂಡಾಗ ಮುಚ್ಚಿದ್ದ ಜಿನ್ನಿಂಗ್ ಯಂತ್ರಗಳನ್ನು ತಾವೇ ನಿಂತು ಶುರು ಮಾಡಿಸಿದವರು. ಅವರ ತಕ್ಕಡಿಯ ಹತ್ತಿ ತೂಕದ ಬಗ್ಗೆ ಯಾವ ರೈತನೂ ಎರಡು ಮಾತಾಡಿದ್ದಿಲ್ಲ. ದೇವದುರ್ಗದಲ್ಲಿ ಅವರು ಎದ್ದು ನಿಂತರೆ ಉಳಿದವರೂ ಏಳುತ್ತಿದ್ದರು.

"ಬರ್ರಿ ಮೇಡಂ. ಮತ್ತ ಬಂದ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಡಿ ನೋಡಿ ಹೋಗ್ಯಾರಲ್ಲ ನಿಮ್ಮವರು."

"ನೋಡ್ಯಾರ್ರಿ ಅಮ್ಮಾರ. ನೀರು ಹಾಕಿ ನೋಡಿಲ್ಲ."

"ನೀರು ಹಾಕಿದ್ರ ಏನು ಬರ್ತದ?"

"ಅದನ್ನ ಪಾಷಾ ತೋರಸ್ತಾನ."

ಡ್ರೈವರ್ ಆದೆಪ್ಪ ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದ. ಘಟನೆಯ ಸಂಜೆ ಅವನು ಹೆಂಡತಿ ಮಕ್ಕಳ ಜೊತೆ ದೇವಸುಗೂರಿನಲ್ಲಿದ್ದ. ಉಮಾದೇವಿ ಅದನ್ನು ಆಗಲೇ ಖಚಿತ ಮಾಡಿಕೊಂಡಿದ್ದಳು. ಅವನನ್ನು ಬಿಟ್ಟರೆ ಕೀಲಿ ಇರುತ್ತಿದ್ದುದು ಶಿವಬಸಮ್ಮ ಮತ್ತು ಅವರ ಒಬ್ಬನೇ ಮಗ ಇರುವ ಮನೆಯೊಳಗೆ.

ವಲಿ ಪಾಷಾ ತನ್ನ ಚೀಲದಿಂದ ಸಿಂಪಡಿಸುವ ಬಾಟಲಿ ತೆಗೆದ. "ಇದು ಎಣ್ಣಿ ಜಿಡ್ಡು ತೆಗಿಯೋ ಕಡಕ್ ಸೋಪಿನ ನೀರು, ಅಮ್ಮಾರ. ಮೇಣ ಇದ್ರ ಇದಕ್ಕ ನಿಲ್ಲಂಗಿಲ್ಲ, ತೊಳದು ಹೋಗ್ತದ. ನಾ ಹಚ್ಚಿದ್ದಕ್ಕ ಇದು ಏನೂ ಮಾಡಂಗಿಲ್ಲ. ಎಲ್ಲಾ ಕಡೆ ಒಂದೇ ಸಮ ಹೊಡಿತೀನಿ."

ಶಿವಬಸಮ್ಮ ಅವನನ್ನು ನೇರ ನೋಡಿದರು. "ಪಾಷಾ, ನಿನ್ನ ಮಾಲು ಬಿಸಿಲಿಗಿ ಸೋತಿರಬಹುದು. ಅದರಾಗ ನಾಚಿಕಿ ಏನದ? ಹೌದಂತ ಒಂದು ಮಾತು ಹೇಳು. ನಿನ್ನ ಕಡೇನೇ ಮತ್ತೊಮ್ಮಿ ಹಚ್ಚಸ್ತೀನಿ. ನಮ್ಮ ಲಾರಿ, ಟ್ರ್ಯಾಕ್ಟರ್ ಎಲ್ಲಾ ನಿನ್ನ ಅಂಗಡಿಗೇ ಬರ್ತಾವ."

ಅಂಗಳದಲ್ಲಿದ್ದ ಹಮಾಲರು ಹತ್ತಿರ ಬಂದು ನಿಂತಿದ್ದರು. ಅಲ್ಲೇ ಕಾವಲಿದ್ದ ಅಂಬಣ್ಣ ವಿಡಿಯೋ ಶುರು ಮಾಡಿದ್ದ.

ವಲಿ ಪಾಷಾ ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಈ ಊರುಗಳಲ್ಲಿ ಅವನ ಅಂಗಡಿಗೆ ಬರುವ ಗಾಡಿಗಳಲ್ಲಿ ಅರ್ಧ, ಶಿವಬಸಮ್ಮನವರ ಒಂದು ಮಾತಿಗೆ ಬಂದವು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಅಮ್ಮಾರ," ಎಂದ. "ಬಾಗಿಲ ಮ್ಯಾಲೂ ಸೋತಿತ್ತಂದ್ರ ಇವತ್ತೇ ನನ್ನ ಬೋರ್ಡು ಇಳಸ್ತೀನಿ. ಬಾಗಿಲ ಮ್ಯಾಲ ನಿಂತು ಬಾನೆಟ್ಟಿನ ಮ್ಯಾಲ ನಿಲ್ಲಲಿಲ್ಲ ಅಂದ್ರ, ಸೋತಾಂವ ನಾನಲ್ಲ."

ಅವನು ಸಿಂಪಡಿಸತೊಡಗಿದ. ಛಾವಣಿ. ಬಲಗಡೆ ಬಾಗಿಲುಗಳು. ಹಿಂಬದಿ. ಎಡಗಡೆ ಬಾಗಿಲುಗಳು. ಎಡಗಡೆ ಫೆಂಡರ್. ಕೊನೆಗೆ ಬಾನೆಟ್ಟು. ಸೋಪಿನ ನೊರೆ ಮೆಲ್ಲಗೆ ಇಳಿಯುವವರೆಗೆ ಕಾದ. ಆಮೇಲೆ ಪೈಪು ಹಿಡಿದು ಎಲ್ಲವನ್ನೂ ತೊಳೆದ.

ಬಾಗಿಲುಗಳ ಮೇಲೆ ನೀರು ಕಾಳುಗಟ್ಟಿ, ಓಡಿ, ಜಾರಿ ನೆಲಕ್ಕೆ ಬಿತ್ತು. ಒಬ್ಬ ಹಮಾಲ ಬೆರಳು ಮುಟ್ಟಿಸಿ ನೋಡಿ ಪಕ್ಕದವನಿಗೆ ತೋರಿಸಿದ. ಛಾವಣಿಯ ಮೇಲೆಯೂ ಹಾಗೆಯೇ. ಹಿಂಬದಿಯಲ್ಲಿಯೂ ಹಾಗೆಯೇ.

ಬಾನೆಟ್ಟಿನ ಮೇಲೆ ನೀರು ಬಿದ್ದಲ್ಲೇ ಅಂಟಿ ಕೂತಿತು. ಎಡಗಡೆ ಫೆಂಡರಿನ ಮೇಲೂ ಅಷ್ಟೇ. ಬಾಗಿಲು ಮತ್ತು ಫೆಂಡರ್ ಸೇರುವ ಸಂದಿನ ಒಂದು ಕಡೆ ಒಣಗಿದ ಮರೂನ್, ಇನ್ನೊಂದು ಕಡೆ ಒದ್ದೆ ಮರೂನ್. ನಡುವೆ ಗೆರೆ ಎಳೆದಂತೆ ಕಂಡಿತು.

ವಲಿ ಪಾಷಾ ಪೈಪು ಕೆಳಗಿಟ್ಟ. "ಇದು ನನ್ನ ಕೆಲಸ," ಎಂದು ಬಾಗಿಲು ತೋರಿಸಿದ. "ಇದು ನಂದಲ್ಲ."

ಉಮಾದೇವಿ ಬಾನೆಟ್ಟು ಎತ್ತಿಸಿ, ಅದನ್ನು ಹಿಡಿದಿದ್ದ ಬೋಲ್ಟುಗಳ ಮೇಲೆ ಟಾರ್ಚು ಬಿಟ್ಟಳು. ಸ್ಪ್ಯಾನರ್ ಹಾಕಿ ತಿರುಗಿಸಿದ ಕಡೆ ಬಣ್ಣ ಎದ್ದು ತಗಡು ಬೆಳ್ಳಗೆ ಕಾಣುತ್ತಿತ್ತು. ಎಡಗಡೆಯ ಹೆಡ್‌ಲೈಟಿನ ಗಾಜು ಬಲಗಡೆಯದಕ್ಕಿಂತ ತಿಳಿಯಾಗಿತ್ತು.

"ಅಮ್ಮಾರ," ಎಂದಳು. "ಮಾನ್ವಿಯಾಗ ಬಣ್ಣ ಹೊಡದಾಂವ ಸಿಕ್ಕಾನ. ಹೇಳಿಕಿ ಕೊಟ್ಟಾನ. ಇನ್ನ ಮುಚ್ಚಾಕ ಏನೂ ಉಳಿದಿಲ್ಲ."

ಶಿವಬಸಮ್ಮ ಕನ್ನಡಕ ಹಾಕಿಕೊಂಡು ತಮ್ಮ ಕಾರನ್ನು ನೋಡಿದರು. ಒದ್ದೆ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದರು. ಅವರ ಮುಖದಲ್ಲಿ ಗೆರೆಯೂ ಅಲುಗಲಿಲ್ಲ.

"ಆ ಮೇಷ್ಟ್ರ ತಾಯಿ ಹೆಸರು ಏನು?"

"ದುರುಗಮ್ಮ ಅಂತ್ರಿ."

"ಅವರ ಮುಂದ ನಿಂತು ಹೇಳಬೇಕಿತ್ತು. ಅಷ್ಟು ಧೈರ್ಯ ಆಗಲಿಲ್ಲ." ಶಿವಬಸಮ್ಮ ಸೆರಗು ಸರಿಮಾಡಿಕೊಂಡು, ಹಮಾಲರಿಗೂ ಕೇಳಿಸುವಂತೆ ಸ್ಪಷ್ಟವಾಗಿ ಹೇಳಿದರು. "ಆ ಸಂಜಿ ಗಾಡಿ ಹೊಡಿತಿದ್ದಾಕಿ ನಾನೇ. ಬಾನೆಟ್ಟು ಬದಲಿ ಮಾಡಿಸಿದ್ದೂ ನಾನೇ. ಬ್ಯಾರೆ ಯಾರನ್ನೂ ಕೇಳಬ್ಯಾಡ್ರಿ. ನಡೀರಿ, ಎಲ್ಲಿಗಿ ಬರಬೇಕೋ ಬರ್ತೀನಿ."

ಹಮಾಲರಲ್ಲಿ ಒಬ್ಬ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಉಮಾದೇವಿಗೆ ಒಂದು ಕ್ಷಣ ಆ ಹೆಂಗಸಿನ ಮೇಲೆ ಗೌರವವೇ ಮೂಡಿತು. ತಪ್ಪು ಮಾಡಿದವರು ಇಷ್ಟು ತಲೆಯೆತ್ತಿ ಒಪ್ಪಿಕೊಂಡಿದ್ದನ್ನು ಅವಳು ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಅಂಬಣ್ಣನಿಗೆ ಜೀಪಿನ ಬಾಗಿಲು ತೆರೆಯಲು ಸನ್ನೆ ಮಾಡಿದಳು.

"ಮೇಡಂ."

ಆದೆಪ್ಪನ ದನಿ. ಇಷ್ಟು ಹೊತ್ತು ಕಟ್ಟಿಕೊಂಡಿದ್ದ ಕೈಗಳು ಕೆಳಗೆ ಬಿದ್ದಿದ್ದವು. 

"ಸುಮ್ನಿರು ಆದೆಪ್ಪ," ಎಂದರು ಶಿವಬಸಮ್ಮ.

"ಇಲ್ರಿ ಅಮ್ಮಾರ. ನಿಮ್ಮ ಉಪ್ಪು ತಿಂದೀನಿ. ನಿಮ್ಮನ್ನ ಜೈಲಿಗಿ ಕಳಿಸಿ ಮನಿಗಿ ಹೋಗಾಕ ನನ್ನಿಂದ ಆಗಂಗಿಲ್ಲ." ಅವನು ಉಮಾದೇವಿಯ ಕಡೆ ತಿರುಗಿದ. "ಅಮ್ಮಾರಿಗಿ ಗಾಡಿ ಹೊಡಿಯಾಕ ಬರಂಗಿಲ್ರಿ. ಸ್ಟೇರಿಂಗ್ ಮುಂದ ಒಂದು ದಿನಾನೂ ಕುಂತವರಲ್ಲ."

ಆವರೆಗೆ ಕಲ್ಲಿನಂತಿದ್ದ ಶಿವಬಸಮ್ಮನವರ ಮುಖ ಮೊದಲ ಬಾರಿಗೆ ಬಿಳಿಚಿಕೊಂಡಿತು. ಅವರು ಆದೆಪ್ಪನನ್ನು ನೋಡಲಿಲ್ಲ. ಉಮಾದೇವಿಯನ್ನೂ ನೋಡಲಿಲ್ಲ. ಮೆಟ್ಟಿಲ ಮೇಲೆ, ಮಗ ಕೂರುವ ಆಫೀಸು ಕೋಣೆಯ ಕಡೆ ನೋಡಿದರು.

ಅರ್ಧ ತೆರೆದಿದ್ದ ಅದರ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಯಾರೋ ಚಿಲಕ ಹಾಕಿದರು.